ಚಿತ್ರ ಬರೆಸುವ ಮೇಡಂ ಮತ್ತು ನನ್ನ ರಿಪೋರ್ಟು

ನಮ್ಮ ತಾತ ಮೈಸೂರು ಸಂಸ್ಥಾನದ ಕಾಲದಲ್ಲಿ ಶಿರಸ್ತೇದಾರರಾಗಿದ್ದವರು. ತಂದೆ ರಾಜಾಜಿನಗರದಲ್ಲಿ ಮನೆ ಕಟ್ಟಿದವರು; ಬೆಳಗ್ಗೆ ಅವರು ಆಫೀಸಿಗೆ ಹೊರಟದ್ದು ನೋಡಿ ಬೀದಿಯವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಇಂಥವಳು ಸೂಪರಿಂಟೆಂಡೆಂಟ್ ಆಗಿರುವ ಕಾಲೇಜಿನಲ್ಲಿ ನಗುವಂಥದ್ದು ಏನೂ ನಡೆಯಬಾರದು. ಆದರೂ ನಡೆಯುತ್ತಲೇ ಇತ್ತು.

ವಿಜಯನಗರಕ್ಕೆ ಇನ್ನೂ ಮೆಟ್ರೋ ಬಂದಿರಲಿಲ್ಲ. ನಮ್ಮ ಬಿಸಿನೆಸ್ ಕಾಲೇಜಿಗೆ ಚಿತ್ರಕಲೆ ಓದಿದ ಹುಡುಗಿಯೊಬ್ಬಳು ಪಾಠ ಮಾಡಲು ಬಂದಳು. ಮಾಹಿತಿಯನ್ನು ಜನಕ್ಕೆ ತಿಳಿಯುವ ಹಾಗೆ ಜೋಡಿಸುವುದೂ ಒಂದು ವಿದ್ಯೆ, ಅದನ್ನು ಚಿತ್ರ, ನಾಟಕದಿಂದ ಎಂಬಿಎ ಮಕ್ಕಳಿಗೆ ಕಲಿಸಬಹುದು ಎಂಬುದು ಅವಳ ಸಂಶೋಧನೆ. ಪ್ರಿನ್ಸಿಪಾಲರಿಗೆ ನಂಬಿಕೆ ಬರಲಿಲ್ಲ. "ಮೂರು ತಿಂಗಳು ನೋಡಿ ರಿಪೋರ್ಟ್ ಕೊಡಿ ಮೇಡಂ. ನೀವು ಬೇಡ ಅಂದ್ರೆ ಕಳಿಸಿಬಿಡೋಣ," ಎಂದರು.

ಗುಡ್ಡ

ಹಾಲ್ ಟಿಕೆಟ್ ಅರ್ಜಿ ನಮ್ಮ ಕಾಲೇಜಿನಲ್ಲಿ ಎಲ್ಲೆಲ್ಲಿ ಓಡಾಡುತ್ತದೆ ಎಂದು ಅವಳು ಮಕ್ಕಳ ಕೈಲಿ ಚಿತ್ರ ಬರೆಸಿ ಕಾರಿಡಾರಿನಲ್ಲಿ ಅಂಟಿಸಿದಳು. ಬಾಣಗಳೆಲ್ಲ ಕಿಟಕಿಯಿಂದ ಕಿಟಕಿಗೆ ಹೋಗಿ, ಕೊನೆಗೆ ತುರುಬು, ಕನ್ನಡಕ ಇದ್ದ ದೊಡ್ಡ ದುಂಡನೆಯ ಆಕಾರವೊಂದರ ಬುಡದಲ್ಲಿ ನಿಂತಿದ್ದವು.

"ಇದೇನಪ್ಪ?" ಎಂದೆ.

ಹುಬ್ಬಳ್ಳಿ ಕಡೆಯ ವಿದ್ಯಾರ್ಥಿ ಮುಂದೆ ಬಂದ. "ಗುಡ್ಡ ರೀ ಮೇಡಂ. ಅರ್ಜಿ ಇಲ್ಲಿಂದ ಮುಂದ ಹೋಗಂಗಿಲ್ರೀ."

"ಗುಡ್ಡಕ್ಕೆ ಕನ್ನಡಕ ಯಾಕೆ?"

"ತಪ್ಪು ಹುಡುಕಾಕ ರೀ."

ಪಕ್ಕದಲ್ಲಿದ್ದ, ಪಾಠ ಮಾಡುವ ಹುಡುಗಿಯ ಮುಖ ಬಿಳಿಚಿಕೊಂಡಿತು. ನಾನು ಬಾಣಗಳನ್ನು ಎಣಿಸಿದೆ. ಒಂದು ಅರ್ಜಿಗೆ ಒಂಬತ್ತು ಸಹಿ! ಮರುದಿನವೇ ಐದು ಸಹಿ ತೆಗೆಸಿದೆ.

"ಗುಡ್ಡ ಸ್ವಲ್ಪ ಸರದೈತಿ ನೋಡಲೇ," ಎಂದು ಬೆನ್ನ ಹಿಂದೆ ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.

ಬೋರ್ಡು

ಇನ್ನೊಮ್ಮೆ ಪಾಠ ನಡೆದದ್ದು ಬಸ್ ಸ್ಟ್ಯಾಂಡಿನಲ್ಲಿ; ರಿಪೋರ್ಟಿಗಾಗಿ ನಾನೂ ಹೋಗಿದ್ದೆ. ಯಾವ ಬಸ್ಸು ಎಲ್ಲಿಗೆ ಎಂದು ಅಲ್ಲಿ ಹಾಕಿದ್ದ ಬೋರ್ಡನ್ನು ಯಾರು ಓದುತ್ತಾರೆ ಎಂದು ನೋಡಬೇಕಂತೆ. ಯಾರೂ ಓದಲಿಲ್ಲ. ಎಲ್ಲರೂ ಹೂ ಮಾರುವವಳನ್ನೇ ಕೇಳುತ್ತಿದ್ದರು: "ಅಕ್ಕಾ, ಮೂಡಲಪಾಳ್ಯಕ್ಕೆ ಯಾವ್ದು?"

ಮಕ್ಕಳು ವಾರವೆಲ್ಲ ಕೂತು ಬಣ್ಣದ ಗೆರೆಗಳ ಹೊಸ ಬೋರ್ಡು ಮಾಡಿ ಕಟ್ಟಿದರು. ಯಜಮಾನರೊಬ್ಬರು ಬಂದು ಬೆರಳಿಟ್ಟು ಪೂರ್ತಿ ಓದಿದರು. ನಾವೆಲ್ಲ ಉಸಿರು ಬಿಗಿಹಿಡಿದು ನಿಂತೆವು. ಓದಿ ಮುಗಿಸಿ, ಅವರು ಹೂವಿನವಳ ಕಡೆ ತಿರುಗಿದರು. "ಏನಮ್ಮಾ, ಈ ಬೋರ್ಡು ಸರೀನಾ?"

ಅವಳು ಮಾಲೆ ಕಟ್ಟುವುದನ್ನು ನಿಲ್ಲಿಸದೆ ಹೇಳಿದಳು: "ನನ್ನ ಕೇಳ್ಕೊಂಡೇ ಬರ್ದವ್ರೆ ಸ್ವಾಮಿ. ಸರಿಯಾಗೇ ಇರ್ತದೆ."

ಕೋಪದ ಗ್ರಾಹಕಿ

ಮೂರು ತಿಂಗಳು ಮುಗಿಯುವ ದಿನ. "ಶಿಸ್ತು ಸಾಲದು" ಎಂಬಲ್ಲಿಗೆ ನನ್ನ ರಿಪೋರ್ಟು ಬಂದಿತ್ತು. ನೋಡಿದರೆ ಆಫೀಸಿನ ಕುರ್ಚಿಗಳೇ ಮಾಯ! ಹಾಲ್‌ನಿಂದ ಗದ್ದಲ ಬೇರೆ. ನೇರ ಒಳಗೆ ಹೋದೆ.

"ಯಾರನ್ನ ಕೇಳಿ ಕುರ್ಚಿ ತಂದ್ರಿ? ಇದು ಕಾಲೇಜಾ, ಸಂತೆನಾ?"

ಅಲ್ಲಿ ನಾಟಕ ನಡೆಯುತ್ತಿತ್ತು. ಕೋಪಗೊಂಡು ಬರುವ ಗ್ರಾಹಕರನ್ನು ಮ್ಯಾನೇಜರ್ ಹೇಗೆ ಕಾಣಬೇಕು ಎಂಬ ಪಾಠ. ಪ್ರಿನ್ಸಿಪಾಲರೂ ಟ್ರಸ್ಟಿಗಳೂ ಮುಂದಿನ ಸಾಲಿನಲ್ಲಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಮ್ಯಾನೇಜರ್ ಆಗಿ ಕೂತಿದ್ದ ವಿದ್ಯಾರ್ಥಿನಿ ಎದ್ದು ತನ್ನ ಕುರ್ಚಿಯನ್ನೇ ನನಗೆ ಎಳೆದು ಹಾಕಿದಳು. "ಕೂತ್ಕೊಳ್ಳಿ ಮೇಡಂ. ಬೆಳಗ್ಗೆಯಿಂದ ನಿಂತೇ ಇದೀರ. ನೀರು ಕುಡೀರಿ. ಈಗ ಹೇಳಿ, ಏನಾಯ್ತು?"

ಹೇಳಿದೆ. ಅವಳು ಬರೆದುಕೊಂಡಳು, ಓದಿ ತೋರಿಸಿದಳು. "ನಿಮ್ಮನ್ನ ಕೇಳದೆ ತಗೊಂಡಿದ್ದು ತಪ್ಪು. ಇಷ್ಟೇನಾ, ಇನ್ನೂ ಇದೆಯಾ ಮೇಡಂ?"

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ಕಾಲೇಜಿನಲ್ಲಿ ಎಲ್ಲರೂ ನನ್ನ ಮಾತಿಗೆ ಹೆದರಿದವರೇ. ಇನ್ನೂ ಇದೆಯಾ ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಹಾಲ್ ತುಂಬ ಚಪ್ಪಾಳೆ ಬಿತ್ತು.

ಹಿರಿಯ ಟ್ರಸ್ಟಿಯೊಬ್ಬರು ಎದ್ದು ನಿಂತರು. "ಕಣ್ಣೀರು ಎಷ್ಟು ಸಹಜವಾಗಿ ಬಂತು! ಯಾವ ನಾಟಕ ಕಂಪನಿಯವರು ಇವರು?"

"ನಮ್ಮವರೇ ಸಾರ್," ಎಂದರು ಪ್ರಿನ್ಸಿಪಾಲರು, ಒಂಚೂರೂ ಅಳುಕದೆ. "ಒಂದು ತಿಂಗಳಿಂದ ಪ್ರಾಕ್ಟೀಸ್ ಮಾಡಿದಾರೆ."

ಆಫೀಸಿಗೆ ಬಂದು ರಿಪೋರ್ಟು ಹರಿದು, ಹೊಸದಾಗಿ ಒಂದೇ ಸಾಲು ಬರೆದೆ: ಈ ಹುಡುಗಿಯನ್ನು ಉಳಿಸಿಕೊಳ್ಳತಕ್ಕದ್ದು. ಅವಳು ಉಳಿದಳು.

ಆದರೆ ಆ ವರ್ಷದ ಕಾಲೇಜು ಪತ್ರಿಕೆಯಲ್ಲಿ, ಪ್ರಿನ್ಸಿಪಾಲರ ಸಹಿಯೊಂದಿಗೇ, ಹೀಗೆ ಅಚ್ಚಾಯಿತು: "ಕೋಪದ ಗ್ರಾಹಕಿಯ ಪಾತ್ರ: ಸೂಪರಿಂಟೆಂಡೆಂಟ್ ಮೇಡಂ. ಸಮಾಧಾನಕರ ಬಹುಮಾನ."

ನಿಜವಾದ ಕೋಪಕ್ಕೆ ಸಮಾಧಾನಕರ ಬಹುಮಾನ! ಮೊದಲ ಎರಡು ಬಹುಮಾನ ಯಾರಿಗೆ ಹೋದವು ಎಂದು ನಾನು ಕೇಳುತ್ತಿಲ್ಲ. ಪ್ರಿನ್ಸಿಪಾಲರು ಕ್ಷಮೆ ಕೇಳಬೇಕು. ಬರವಣಿಗೆಯಲ್ಲಿ.