ದೊರೆಯ ಪುಲ್ಲೋವರ್‌ನ ಎಂಟನೆಯ ಜಡೆ

ವನಜಮ್ಮ: ಬಿಚ್ಚಿ ಅಂದೆ. ಮೊಣಕೈ ಎರಡೂ ಹೊರಗೆ ಬಂದು ಊರು ನೋಡ್ತಾ ಅವೆ.

ಸಣ್ಣಸ್ವಾಮಿ: ನೋಡ್ಲಿ ಬಿಡು. ದೊರೆಯ ಪುಲ್ಲೋವರ್ ಹರಿದ್ರೂ ದೊರೆಯದೇ ಕಣೇ.

(ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ಪುಷ್ಯದ ಚಳಿ. ಸಣ್ಣಸ್ವಾಮಿ ಸುಂಟಿಕೊಪ್ಪದ ಬಳಿಯ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರು. ತೋಟ ಮಾರಿ ಹಡಗು ಹತ್ತಿದ ಬಿಳಿಯ ದೊರೆ ಬಿಟ್ಟುಹೋದ ಪುಲ್ಲೋವರನ್ನು ಅವನು ನಿನ್ನೆಯಷ್ಟೇ ಬಂಗಲೆಯ ಬಟ್ಲರನ ಹತ್ತಿರ ಬೇಡಿ ತಂದಿದ್ದ. ಹೆಂಡತಿ ವನಜಮ್ಮನ ಕೈಯಲ್ಲಿ ಅವಳೇ ಹೆಣೆದ ಹೊಸ ಸ್ವೆಟರ್. ಹತ್ತು ಗಂಟೆಗೆ ಬಂಗಲೆಯ ಮುಂದೆ ಹೊಸ ಧಣಿಯೊಂದಿಗೆ ಎಲ್ಲರ ಫೋಟೋ.)

ವನಜಮ್ಮ: ಐದು ತಿಂಗಳು ಕೂತು ಹೆಣೆದಿದ್ದೀನಿ. ಫೋಟೋಕ್ಕೆ ಇದನ್ನೇ ಹಾಕ್ಕೋಬೇಕು.

ಸಣ್ಣಸ್ವಾಮಿ: ಆ ಫೋಟೋ ಐವತ್ತು ವರ್ಷ ಗೋಡೆ ಮೇಲಿರುತ್ತೆ. ಅಷ್ಟು ವರ್ಷ ಮನೇಲಿ ಹೆಣೆದದ್ದರಲ್ಲಿ ನಿಂತಿರ್ಲಾ?

ವನಜಮ್ಮ: ಮನೇಲಿ ಬೇಯಿಸಿದ್ದನ್ನ ಮಾತ್ರ ಐವತ್ತು ವರ್ಷ ತಿನ್ನಬಹುದು.

ಸಣ್ಣಸ್ವಾಮಿ: ತಿಂದದ್ದು ಹೊರಗಿನೋರಿಗೆ ಕಾಣಲ್ಲ.

(ಅದೇ ತೋಟದ ಸ್ಟೋರಿನಲ್ಲಿರುವ ವನಜಮ್ಮನ ತಮ್ಮ ಸಿದ್ದಣ್ಣ ಬಂದ. ತಲೆಗೆ ಮಫ್ಲರ್, ಮೈಗೆ ಬರೀ ಅಂಗಿ.)

ಸಿದ್ದಣ್ಣ: ಭಾವ, ಫೋಟೋದೋನು ಬಂದಾಯ್ತು. ಅದೇನು ಮೈಮೇಲೆ, ಇಲಿ ತಿಂದು ಮಿಗಿಸಿದ್ದಾ?

ಸಣ್ಣಸ್ವಾಮಿ: ಎದೆ ಮೇಲಿನ ಜಡೆ ಹೆಣಿಗೆ ನೋಡೋ. ಒಟ್ಟು ಎಂಟು ಜಡೆ. ಚಳಿದೇಶದ ಹೆಂಗಸರ ಕೈಗುಣ ಇದು. ನಿಮ್ಮಕ್ಕನ ಕೈಗೆ ಬರುತ್ತಾ?

(ಸಣ್ಣಸ್ವಾಮಿಗೆ ಹೆಣಿಗೆಯ ಗಂಧಗಾಳಿಯೂ ಇರಲಿಲ್ಲ. ಅಭಿಪ್ರಾಯಕ್ಕೆ ಅದು ಅಡ್ಡಿಯಾಗಲಿಲ್ಲ.)

ಸಣ್ಣಸ್ವಾಮಿ: ಇಲ್ಲಿ, ಎಡಗಂಕುಳ ಹತ್ರ ನೋಡು. ಏಳು ಜಡೆ ಬಲಕ್ಕೆ ತಿರುಗ್ತವೆ, ಇದೊಂದು ಎಡಕ್ಕೆ. ಯಾಕೆ?

ಸಿದ್ದಣ್ಣ: ಹೆಣೆದೋಳು ತೂಕಡಿಸಿದ್ಲು.

ಸಣ್ಣಸ್ವಾಮಿ: ಪೆದ್ದ! ವಂಶದ ಗುರುತು ಕಣೋ ಅದು. ಅಲ್ಲಿ ಮನೆತನಕ್ಕೊಂದು ಜಡೆ. ಸಮುದ್ರದಲ್ಲಿ ಮುಳುಗಿದೋನ ಹೆಣ ತೇಲಿ ಬಂದ್ರೆ ಜಡೆ ನೋಡಿಯೇ ಮನೆಗೆ ತಲುಪಿಸ್ತಾರಂತೆ.

ವನಜಮ್ಮ: ನೀವು ಹಾರಂಗಿ ಹೊಳೇಲಿ ಮುಳುಗಿದ್ರೆ ಎಲ್ಲಿಗೆ ತರ್ತಾರೆ?

ಸಣ್ಣಸ್ವಾಮಿ (ಎದೆ ಸೆಟೆಸಿ): ಬಂಗಲೆಗೆ!

(ವನಜಮ್ಮ ಹತ್ತಿರ ಬಂದು ಆ ಎಂಟನೆಯ ಜಡೆಯನ್ನು ದಿಟ್ಟಿಸಿದಳು. ಅವಳ ಮುಖದ ಸಿಟ್ಟು ಇಳಿಯಿತು. ಅದು ಒಳ್ಳೆಯ ಲಕ್ಷಣವಲ್ಲ.)

ವನಜಮ್ಮ: ಒಳಮಗ್ಗುಲು ತಿರುಗಿಸಿ. ಆ ಜಡೆ ಹಿಂದೆ ಒಂದು ಕೆಂಪು ದಾರದ ಗಂಟು ಐತಾ?

ಸಣ್ಣಸ್ವಾಮಿ (ಬಿಚ್ಚಿ ನೋಡಿ): ಐತೆ... ನಿಂಗೆ ಹೆಂಗೆ ಗೊತ್ತು?

ವನಜಮ್ಮ: ಮಡಿಕೇರಿ ಶಾಲೇಲಿ ಇದನ್ನ ಹೆಣೆದೋಳು ನಾನೇ. ತಪ್ಪು ಹೆಣೆದ ಕಡೆ ಹೊಲಿಗೆ ಟೀಚರ್ ಕೆಂಪು ದಾರ ಕಟ್ಟೋರು. ಬಿಚ್ಚಿ ಸರಿಮಾಡು ಅಂದ್ರು, ನಾನು ಮಾಡ್ಲಿಲ್ಲ. ಬೆರಳ ಮೇಲೆ ಆರು ಏಟು ಬಿತ್ತು. ಆಗ ನಂಗೆ ಹದಿನಾಲ್ಕು ವರ್ಷ. ಶಾಲೆ ಮಾರಾಟದ ದಿನ ಯಾರೂ ಮುಟ್ಟದ ಇದನ್ನ ಒಬ್ಬ ದೊರೆಸಾನಿ ಅಗ್ಗಕ್ಕೆ ಕೊಂಡ್ಲು.

ಸಿದ್ದಣ್ಣ: ಅಂದ್ರೆ ಭಾವ, ದೊರೆ ವಂಶ ನಮ್ದೇ!

(ಅಂಗಿಯಲ್ಲಿ ನಿಂತ ಸಣ್ಣಸ್ವಾಮಿಗೆ ಈಗ ಚಳಿ ತಗುಲಿತು.)

ಸಣ್ಣಸ್ವಾಮಿ: ಹಂಗಾದ್ರೆ ಎರಡೂ ನಿನ್ ಕೈದೇ ಆಯ್ತಲ್ಲ. ಕೊಡು, ಹೊಸದನ್ನೇ ಹಾಕ್ಕೋತೀನಿ.

(ಹೊಸ ಸ್ವೆಟರ್ ಆಗಲೇ ಸಿದ್ದಣ್ಣನ ಮೈಮೇಲಿತ್ತು. ವನಜಮ್ಮ ಅದರ ತೋಳು ಮಡಚುತ್ತಿದ್ದಳು.)

ವನಜಮ್ಮ: ಇದರಲ್ಲಿ ಒಂದು ತಪ್ಪೂ ಇಲ್ಲ ಕಣ್ರೀ, ನಿಮಗೆ ಒಪ್ಪಲ್ಲ. ಅದನ್ನೇ ಹಾಕ್ಕೊಂಡು ಹೊರಡಿ. ಫೋಟೋದಲ್ಲಿ ಎಡಗೈ ಸ್ವಲ್ಪ ಎತ್ತಿ ನಿಂತ್ಕೊಳ್ಳಿ, ವಂಶದ ಗುರುತು ಕಾಣ್ಲಿ.