ಒಲೆ ಎಣಿಸಿ ನೀರು ಬಿಟ್ಟದ್ದು

ನಾನು ಮೊದಲ ಸಲ ಮನೆ ಬಿಟ್ಟದ್ದು ಒಂದು ಸೋಮವಾರ, ಆರನೇ ಕ್ಲಾಸಿನ ಲೆಕ್ಕದ ಪರೀಕ್ಷೆಯ ದಿನ. ಆಮೇಲೆ ಎಲ್ಲಿಗೆ ಹೋದರೂ ಲೆಕ್ಕದ ಕೆಲಸವೇ ಗಂಟುಬೀಳುತ್ತಿತ್ತು, ಪ್ರತಿ ಸಲವೂ ಪೇಚಿಗೆ ಸಿಕ್ಕಿಸುತ್ತಿತ್ತು. ಗಡಿಯಾಚೆ ಮಲಯಾಳಿ ಸೀಮೆಯ ಪುಲ್ಪಳ್ಳಿಯ ಹತ್ತಿರ ಸಿಕ್ಕಿದ್ದು ನೀರಿನ ಲೆಕ್ಕ. ಮೆಣಸಿನ ತೋಟದ ಧಣಿಯೊಬ್ಬರು, ಎಲ್ಲರ ಬಾಯಲ್ಲಿ ಮೊದಲಾಳಿ, ತಮ್ಮ ಬಾವಿಗೆ ಪಂಪು ಕೂರಿಸಿ, ಗುಡ್ಡದ ಮೇಲೆ ಟ್ಯಾಂಕು ಕಟ್ಟಿ, ಕೆಳಗಿನ ಕೇರಿಯ ಮನೆಮನೆಗೂ ನಲ್ಲಿ ಹಾಕಿಸಿದ್ದರು. ನೀರು ಬಿಡುವುದು, ತಿಂಗಳ ಹಣ ಕೇಳುವುದು ನನ್ನ ಕೆಲಸ.

೧. ಮನೆಗಿಷ್ಟು

ಮೊದಲು ಎಲ್ಲ ಮನೆಗೂ ಒಂದೇ ದರ. ಗುಂಡ್ಲುಪೇಟೆ ಕಡೆಯಿಂದ ಬಂದು ನೆಲೆಸಿದ್ದ ಅಜ್ಜಿ ಒಂಟಿ. ಪಕ್ಕದ ಮನೆಯಲ್ಲಿ ಮನೆತುಂಬ ಜನ, ಸಾಲದ್ದಕ್ಕೆ ಎರಡು ಎಮ್ಮೆ.

"ನಾನು ಎಮ್ಮೆಗಿಂತ ಜಾಸ್ತಿ ಕುಡೀತೀನೇನೋ ಮಗಾ?" ಎಂದಳು.

ಮೊದಲಾಳಿಗೆ ಮುಟ್ಟಿಸಿದೆ. "ನ್ಯಾಯ ಅಂದರೆ ಎಲ್ಲರಿಗೂ ಒಂದೇ," ಎಂದರು. ಅದನ್ನು ತಂದು ಅಜ್ಜಿಗೆ ಒಪ್ಪಿಸಿದೆ.

"ಸರಿ. ಹಂಗಾದ್ರೆ ಆ ಎಮ್ಮೆ ಹಾಲೂ ಎಲ್ಲಾರ್ಗೂ ಒಂದೇ ಅಂತ ಹೇಳಿ ಬಾ."

೨. ತಲೆಗಿಷ್ಟು

ಆಮೇಲೆ ತಲೆ ಲೆಕ್ಕ ಬಂತು. ನಾನು ಎಣಿಸಲು ಹೋದ ದಿನ ಕೇರಿಯಲ್ಲಿ ಇದ್ದವರೆಲ್ಲ ನೆಂಟರು. ಒಂದು ಮನೆಯ ಸೊಸೆ, "ನಾವಿಬ್ಬರೇ," ಎಂದಳು.

"ಒಳಗೆ ಕೆಮ್ಮುತ್ತಿರೋದು ಯಾರು?"

"ಯಾರೂ ಇಲ್ಲ ಚೇಟ್ಟಾ."

ಒಳಗಿನಿಂದ ಮುದುಕರ ದನಿ: "ಒಂದು ಲೋಟ ನೀರು ಕೊಡಮ್ಮ."

ಸೊಸೆ ನನ್ನ ಮುಖ ನೋಡುತ್ತಲೇ ಹೇಳಿದಳು, "ತಡೀರಿ ಮಾವ. ಇವರು ಹೋಗಲಿ."

೩. ಒಲೆಗಿಷ್ಟು

ಮೊದಲಾಳಿ ಸೋಲುವವರಲ್ಲ. "ತಲೆ ಬಚ್ಚಿಡಬಹುದು, ಹೊಗೆ ಬಚ್ಚಿಡೋಕಾಗಲ್ಲ. ಒಲೆ ಎಣಿಸು," ಎಂದರು. ಅಜ್ಜಿಗೆ ಮತ್ತೆ ಹಳೇ ಪಾಡು: ಒಂಟಿ ಹೊಟ್ಟೆ, ಪೂರ್ತಿ ದರ. ಶನಿವಾರದೊಳಗೆ ಕೊಡದಿದ್ದರೆ ಅವಳ ನಲ್ಲಿ ಮುಚ್ಚಬೇಕೆಂದು ಅಪ್ಪಣೆಯಾಯಿತು. ಮುಚ್ಚಿದರೆ ಆ ವಯಸ್ಸಿನಲ್ಲಿ ತೋಡಿಗೆ ಇಳಿದು ಹಳ್ಳದ ನೀರು ಹೊರಬೇಕು.

ಶನಿವಾರ ಬೆಳಿಗ್ಗೆ ಟ್ಯಾಂಕಿನ ಬಳಿ ನಿಂತು ನೋಡಿದೆ. ಇಡೀ ಕೇರಿಯಲ್ಲಿ ಹೊಗೆ ಏಳುತ್ತಿದ್ದದ್ದು ಅಜ್ಜಿಯ ಮಾಡಿನಿಂದ ಮಾತ್ರ. ಇಳಿದು ಹೋದರೆ ಅವಳ ಒಲೆಯ ಮೇಲೆ ಮದುವೆ ಮನೆಯ ಹಂಡೆ. ಕೇರಿಯವರೆಲ್ಲ ತಂತಮ್ಮ ಅಕ್ಕಿ ಸುರಿದು ಬಾಳೆಲೆ ಹಿಡಿದು ಕೂತಿದ್ದರು. ಎಮ್ಮೆಯವನು ಹಾಲೂ ತಂದಿದ್ದ.

"ಕೇರಿಗೆಲ್ಲ ಒಂದೇ ಒಲೆ ಮಗಾ," ಎಂದಳು ಅಜ್ಜಿ. "ಒಂದೊಲೆ ದರ ತಾನೆ? ಎಲ್ಲಾರೂ ಹಂಚ್ಕೊಂಡು ಕೊಡ್ತೀವಿ."

ಅದು ನಕ್ಸಲರನ್ನು ಹುಡುಕುತ್ತಿದ್ದ ಕಾಲ. ನಾಲ್ಕು ಜನ ಒಟ್ಟಿಗೆ ಕಂಡರೆ ಜೀಪು ನಿಲ್ಲುತ್ತಿತ್ತು. ನಿಂತಿತು.

"ಏನು ಸಭೆ?" ಎಂದರು ಇನ್‌ಸ್ಪೆಕ್ಟರು.

"ಸಭೆ ಅಲ್ಲ ಸಾರ್, ಸಂಸಾರ," ಎಂದ ಎಮ್ಮೆಯವನು.

"ಇಷ್ಟೂ ಜನ?"

"ನೀರಿಗೆ ಮಾತ್ರ," ಎಂದಳು ಅಜ್ಜಿ.

ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿದರು. "ನೀನು?"

"ಒಲೆ ಎಣಿಸುವವನು."

ಅಷ್ಟು ಜನರಲ್ಲಿ ಅವರಿಗೆ ಅನುಮಾನ ಬಂದದ್ದು ನನ್ನೊಬ್ಬನ ಮೇಲೆ. ಜೀಪು ಹತ್ತಿಸಿದರು. ಮಧ್ಯಾಹ್ನ ಮೊದಲಾಳಿ ಬಂದು ಬಿಡಿಸಿಕೊಂಡು, ದಾರಿಯಲ್ಲೇ ಕೆಲಸದಿಂದಲೂ ಬಿಡಿಸಿದರು. "ಇರೋದು ಒಂದು ಒಲೆ. ಅದನ್ನ ನಾನೇ ಜಗಲಿಯಿಂದ ಎಣಿಸ್ತೀನಿ."

ಗಂಟು ಕಟ್ಟುತ್ತಿದ್ದಾಗ ಅಜ್ಜಿ ಬುತ್ತಿ ತಂದು ನನ್ನ ಅಂಗಿಯ ಕೊಳೆ ನೋಡಿದಳು.

"ಬಟ್ಟೆ ಒಗ್ಕೊಂಡು ಹೋಗೋ ಮಗಾ. ಈಗ ನಮ್ಮನೇಲಿ ನೀರು ಅಗ್ಗ."

ಒದ್ದೆ ಗಂಟು ಹೊತ್ತು ಬಸ್ಸು ಹತ್ತಿದೆ.