ಮಾವನವರ ದೋಣಿಗೆ ನಾನು ಬಿಸಿಲು ಕಾಣಿಸಿದ್ದು

ನನ್ನಲ್ಲಿ ನೂರು ದೋಷಗಳಿರಬಹುದು. ಆದರೆ ಎರಡು ವಸ್ತುಗಳನ್ನು ಹೋಲಿಸಿ ವರದಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಕಚೇರಿಯಲ್ಲಿ ಹದಿನಾಲ್ಕು ವರ್ಷ ಅದನ್ನೇ ಮಾಡಿದ್ದೆ. ಹಳೆ ಬೀರು, ಹೊಸ ಬೀರು. ಹಳೆ ಟೈಪ್‌ರೈಟರ್, ಹೊಸ ಟೈಪ್‌ರೈಟರ್. ಹೀಗಾಗಿ ಆ ಬೇಸಿಗೆಯಲ್ಲಿ ಹಳೆ ಹಾಯಿದೋಣಿ ಮೇಲೋ ಹೊಸ ಹಾಯಿದೋಣಿ ಮೇಲೋ ಎಂಬ ಪ್ರಶ್ನೆ ಮನೆಯಲ್ಲಿ ಎದ್ದಾಗ ನಾನು ಕಿಂಚಿತ್ತೂ ಅಳುಕಲಿಲ್ಲ. ದೋಣಿ ಎಂದರೇನು, ನೀರಿನ ಮೇಲಿನ ಬೀರು ತಾನೆ!

ಹಳೆಯದು ನನ್ನ ಮಾವನವರದು. ಇಂಜಿನಿಯರಾಗಿ ನಿವೃತ್ತರಾದ ಅವರು ಜಯನಗರದಲ್ಲಿ ನಮ್ಮ ಹಿಂದಿನ ರಸ್ತೆಯಲ್ಲೇ ಇದ್ದರು. ದೇಶ ಬಿಟ್ಟು ಹೊರಟ ಒಬ್ಬ ಇಂಗ್ಲಿಷ್ ದೊರೆಯಿಂದ ಕೊಂಡ, ತೇಗದ ಹಲಗೆಗಳನ್ನು ಜೋಡಿಸಿ ಮಾಡಿದ ಹದಿನಾರು ಅಡಿಯ ದೋಣಿ ಅದು. ಬೇಗೂರು ಕೆರೆಯಲ್ಲಿ ಕಟ್ಟಿರುತ್ತಿದ್ದರು. ಭಾನುವಾರ ಹಾಯಿ ಏರಿಸಿ ಕೆರೆ ಸುತ್ತದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಹೊಸದು ನನ್ನ ಷಡ್ಡಕ ನಂಜುಂಡಯ್ಯನವರದು. ಬೊಂಬಾಯಿಯಿಂದ ಲಾರಿಯಲ್ಲಿ ತರಿಸಿದ ಪ್ಲೈವುಡ್ ದೋಣಿ. ಅದೂ ಹದಿನಾರೇ ಅಡಿ.

ಅತ್ತೆಯವರು ತೀರ್ಪು ಕೊಟ್ಟರು. "ಒಂದು ಮನೆತನಕ್ಕೆ ಎರಡು ದೋಣಿ ಯಾಕ್ರೀ? ಎರಡೂ ಕೆರೆ ಸುತ್ತಲಿ. ಹೊಸದು ಗೆದ್ರೆ ಅದರಲ್ಲೇ ಕೂತ್ಕೊಂಡು ಓಡಾಡಿ. ನಿಮ್ಮದು ಸೌದೆ ಡಿಪೋಗೆ!"

 ಮಾವನವರ ಮುಖ ಸಣ್ಣದಾಯಿತು. ನನಗೆ ಅವರ ಮೇಲೆ ನಿಜವಾಗಿ ಪ್ರೀತಿ. ಏನಾದರೂ ಸರಿ, ಆ ದೋಣಿಯನ್ನು ಉಳಿಸಲೇಬೇಕೆಂದು ನಿಶ್ಚಯಿಸಿದೆ.

ಅವರು ಒಂದು ಮದುವೆಗೆಂದು ಹತ್ತು ದಿನ ಮೈಸೂರಿಗೆ ಹೋದರು. ಹೊರಡುವಾಗ "ಅಳಿಯಂದಿರೇ, ದೋಣಿ ಕಡೆ ಸ್ವಲ್ಪ ಕಣ್ಣಿಟ್ಟಿರಿ" ಎಂದರು. ಕಣ್ಣಷ್ಟೇ ಇಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮರುದಿನವೇ ಸೈಕಲ್ ಏರಿ ಬೇಗೂರಿಗೆ ಹೋಗಿ ಪಟ್ಟಿ ತಯಾರಿಸಿದೆ. ಉದ್ದ ಸಮ. ಅಗಲ ಸಮ. ಹಾಯಿ ಬಹುತೇಕ ಸಮ. ತಳದಲ್ಲಿ ನಿಂತ ನೀರು: ಹೊಸದರಲ್ಲಿ ಇಲ್ಲ, ಹಳೆಯದರಲ್ಲಿ ಎರಡು ಚೊಂಬು. ಸಿಕ್ಕಿತು ರೋಗ! ಪಾಪ, ಇಷ್ಟು ವರ್ಷ ನೀರಲ್ಲೇ ನೆನೆದು ಮರಕ್ಕೆ ಶೀತವಾಗಿದೆ. ಒಣಗಿಸಿದರೆ ಹಗುರಾಗುತ್ತದೆ, ಹಗುರಾದರೆ ಗೆಲ್ಲುತ್ತದೆ.

ಕೆರೆಯ ಪಕ್ಕದ ತೋಟದ ಮುನಿಯಪ್ಪನ ಎತ್ತುಗಳನ್ನು ಹೂಡಿಸಿ ದೋಣಿಯನ್ನು ದಡಕ್ಕೆ ಎಳೆಸಿದೆ. ಮಗುಚಿ ಹಾಕಿಸಿ ಉರಿಬಿಸಿಲಿಗೆ ಒಡ್ಡಿದೆ.

ಮುನಿಯಪ್ಪ ತಲೆ ಕೆರೆದುಕೊಂಡ. "ಸಾಮಿ, ಬ್ಯಾಸಗೇಲಿ ಗಾಡಿ ಚಕ್ರ ಒಣಗಿ ಸಡ್ಲ ಆಗ್ತದೆ ಅಂತ ನಾವೇ ತಂದು ಕೆರೇಗೆ ಹಾಕ್ತೀವಿ. ನೀವು ಕೆರೇಲಿರೋದ್ನ ತೆಗೆದು ಒಣಗಿಸ್ತಿದ್ದೀರಲ್ಲ?"

"ಗಾಡಿ ಬೇರೆ, ದೋಣಿ ಬೇರೆ ಮುನಿಯಪ್ಪ. ಇದರಲ್ಲಿ ವಿಜ್ಞಾನ ಇದೆ!"

"ಹಂಗಾದ್ರೆ ಸರಿ ಬಿಡಿ" ಎಂದು ಅವನು ಎತ್ತು ಹೊಡೆದುಕೊಂಡು ಹೋದ.

ಒಂಬತ್ತು ದಿನ ಒಣಗಿಸಿದೆ. ಹಲಗೆಗಳ ನಡುವೆ ಸಣ್ಣ ಸಂದುಗಳು ಕಂಡವು. ಗಾಳಿಯಾಡಲು ಒಳ್ಳೆಯದೆಂದುಕೊಂಡು ಸಂತೋಷಪಟ್ಟೆ. ಮೇಲೆ ಎರಡು ಸಲ ಅಗಸೆ ಎಣ್ಣೆ ಬಳಿದೆ. ನನ್ನ ಹೆಂಡತಿ ಶಾರದೆ ಮಾತ್ರ ನನ್ನ ಎಣ್ಣೆ ಅಂಗಿ ನೋಡಿ, "ಗಣಪತಿ ಮಾಡು ಅಂದ್ರೆ ಅವರಪ್ಪನ್ನ ಮಾಡೋರು ನೀವು. ಅಪ್ಪ ಬರೋವರೆಗೂ ಸುಮ್ನಿರಿ ಅಂದ್ರೆ ಕೇಳಲ್ಲ" ಎಂದಳು.

ಪಂದ್ಯದ ಭಾನುವಾರ ಬಂತು. ಅತ್ತೆಯವರು ಚಿತ್ರಾನ್ನದ ಡಬ್ಬಿ ಸಮೇತ ಕೆರೆ ಏರಿಯ ಮೇಲೆ ಆಸೀನರಾದರು. ಹಿಂದಿನ ರಾತ್ರಿಯಷ್ಟೇ ಊರಿಂದ ಬಂದಿದ್ದ ಮಾವನವರು ದೋಣಿಯ ಹೊಳಪು ನೋಡಿ ಹಿಗ್ಗಿಹೋದರು. "ಅಳಿಯಂದಿರೇ, ಮದುಮಗಳ ಹಾಗೆ ಮಾಡಿದ್ದೀರಲ್ರೀ!"

ನಾನು ವಿನಯದಿಂದ ತಲೆ ತಗ್ಗಿಸಿದೆ. ಎತ್ತುಗಳು ದೋಣಿಯನ್ನು ನೀರಿಗೆ ಇಳಿಸಿದವು. ನಾವಿಬ್ಬರೂ ಏರಿದೆವು. ಹಾಯಿ ಗಾಳಿ ಹಿಡಿಯಿತು. ನಂಜುಂಡಯ್ಯನವರಿಗಿಂತ ಮುಂದಿದ್ದೆವು! ಆ ಮುನ್ನಡೆ ಒಂದೇ ನಿಮಿಷ ಉಳಿಯಿತು.

"ಕಾಲು ಒದ್ದೆಯಾಗ್ತಿದೆಯಲ್ಲಾ?" ಎಂದರು ಮಾವ.

"ಅಲೆ ಎರಚಿರಬೇಕು."

"ಮೊಣಕಾಲವರೆಗೂ ಎರಚತ್ತೇನ್ರಿ? ಎಲ್ಲಿಂದ ಬರ್ತಿದೆ ನೋಡಿ!"

ನೋಡಿದೆ. ಎಲ್ಲ ಕಡೆಯಿಂದಲೂ ಬರುತ್ತಿತ್ತು! ಪ್ರತಿ ಸಂದಿನಿಂದಲೂ ಕಾರಂಜಿ. ಚೊಂಬಿನಿಂದ ಎತ್ತಿ ಚೆಲ್ಲಿದೆ. ಹತ್ತು ಚೊಂಬು ಹೊರಗೆ ಹೋದರೆ ಇಪ್ಪತ್ತು ಒಳಗೆ ಬಂತು. ಕೊನೆಗೆ ದೋಣಿ ನಿಟ್ಟುಸಿರು ಬಿಟ್ಟು ಕೆಸರಿನ ಮೇಲೆ ಕೂತಿತು. ಪುಣ್ಯಕ್ಕೆ ಅಲ್ಲಿ ಎದೆಮಟ್ಟದ ನೀರು.

ಮಾವನವರು ಹಾಯಿಕಂಬ ಹಿಡಿದು ನೀರಲ್ಲಿ ನಿಂತಿದ್ದರು. "ಎಷ್ಟು ದಿನ ಒಣಗಿಸಿದ್ರಿ?" ಎಂದು ಮೆಲ್ಲಗೆ ಕೇಳಿದರು.

"ಒಂಬತ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕಂಬವನ್ನು ಮಾತ್ರ ನೇವರಿಸಿದರು. ನನಗೆ ಅಳು ಬಂತು; ಕೆರೆಯ ನೀರು ಮುಖದ ಮೇಲಿದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ನಂಜುಂಡಯ್ಯನವರು ಪಂದ್ಯ ಬಿಟ್ಟು ಹಿಂದಿರುಗಿ ನಮ್ಮನ್ನು ಹತ್ತಿಸಿಕೊಂಡರು. ದಡ ಸೇರುತ್ತಲೇ ಅತ್ತೆಯವರು "ಡಿಪೋ!" ಎಂದು ಬಾಯಿ ತೆರೆದರು. ಅಷ್ಟರಲ್ಲಿ ಮುನಿಯಪ್ಪ ಅಡ್ಡ ಬಂದ.

"ಅಮ್ಮಾವ್ರೇ, ಒಂದು ವಾರ ಅಲ್ಲೇ ಮುಳುಗಿರ್ಲಿ. ಮರ ನೀರು ಕುಡ್ದು ಊದ್ಕೊಂಡು ಸಂದು ತಾನೇ ಮುಚ್ಕೊಳ್ತದೆ. ನಮ್ಮ ಚಕ್ರಾನೂ ಹಂಗೇಯ."

ಅತ್ತೆಯವರು ತೊಟ್ಟಿಕ್ಕುತ್ತಿದ್ದ ಗಂಡನನ್ನು ನೋಡಿದರು. ತಮ್ಮ ಸೆರಗಿನಿಂದಲೇ ಅವರ ತಲೆ ಒರೆಸಿದರು. "ಒಂದು ವಾರ. ಆಮೇಲೆ ಇನ್ನೊಂದೇ ಪಂದ್ಯ. ಅಷ್ಟೇ!"

ಮಾವನವರ ಮುಖ ಅರಳಿತು. ನಾನೂ ಹುರುಪಿನಿಂದ, "ಹಾಗಾದ್ರೆ ನಾನು ದಿನಾ ಬಂದು..." ಎಂದೆ.

"ಬೇಡ!" ಅವರು ಎರಡೂ ಕೈ ಜೋಡಿಸಿದರು. "ಮುಂದಿನ ಭಾನುವಾರ ನೀವು ಮನೇಲೇ ಇರಿ. ನಿಮ್ಮತ್ತೆ ಸಂಡಿಗೆ ಇಡ್ತಾಳೆ, ಅದನ್ನ ಒಣಗಿಸಿ. ನಿಮಗೆ ಒಣಗಿಸೋ ಕೈಗುಣ ಇದೆ."

ಆ ಭಾನುವಾರ ನಾನು ಅವರ ಮಾಳಿಗೆಯ ಮೇಲೆ ಕೋಲು ಹಿಡಿದು ಕೂತಿದ್ದೆ. ಮಧ್ಯಾಹ್ನ ಗೇಟಿನ ಸದ್ದಾಯಿತು. ಕೆಳಗೆ ಓಡಿದೆ.

"ಅಪ್ಪಾನೇ ಮೊದಲು ಬಂದ್ರು ರೀ! ತಳದಲ್ಲಿ ಎರಡೇ ಚೊಂಬು ನೀರು!" ಎಂದಳು ಶಾರದೆ. ನಾನು ಕುಣಿದುಬಿಟ್ಟೆ. ಹಿಂದೆಯೇ ಬಂದ ಅತ್ತೆಯವರು ಮಾತ್ರ ಮೇಲಕ್ಕೆ ನೋಡಿ ಕೇಳಿದರು.

"ಸಂಡಿಗೆ ಹತ್ರ ಯಾರಿದ್ದಾರೆ?"

ಕಾಗೆಗಳಿದ್ದವು!